ಹಬ್ಬದ ದಿನದ ಮೂರು ಗಂಟೆ

ಮೊನ್ನೆ ಕೆಂಗಲ್‌ನಿಂದ ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ರೇಷ್ಮೆಗೂಡು ಬೇಯಿಸುವ ವಾಸನೆ ಒಳಗೆ ನುಗ್ಗಿತು. ಬೆಂದ ಹುಳು, ಹಳಸಿದ ನೀರು... ಪಕ್ಕದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿ ಎಳೆದು ಮುಚ್ಚಿದ್ದು ವಾಸನೆಗಲ್ಲ, ಅದರ ಜೊತೆ ಬಂದ ನೆನಪಿಗೆ.

ರಾಮನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ರೀಲರ್ ಸಾಹೇಬರಿದ್ದರು. ಹಿತ್ತಲಿನಲ್ಲೇ ಅವರು ರೇಷ್ಮೆನೂಲು ತೆಗೆಯುವ ಶೆಡ್. ನೂಲಿಗೆ ನೀರು ಚಿಮುಕಿಸಿ ತೂಕ ಏರಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ನೀರ್ ಮಾರೋರು ಬಾವಿ ತೋಡ್ಕಳ್ಳಲಿ, ರೇಷ್ಮೆ ಯಾಕೆ" ಎನ್ನುತ್ತಿದ್ದರು. ನನ್ನ ಮೇಲೆ ಅವರಿಗಿದ್ದ ಗೌರವಕ್ಕೆ ಕಾರಣ ನನ್ನ ಹ್ಯಾಂಡ್‌ರೈಟಿಂಗ್. ಕಾನ್ವೆಂಟಿನ ಸಿಸ್ಟರ್‌ಗಳು ಬೆರಳಿನ ಗಂಟಿಗೆ ಸ್ಕೇಲಿನಿಂದ ಬಾರಿಸಿ ಕಲಿಸಿದ ಇಂಗ್ಲಿಷಿನ ಕೂಡಕ್ಷರ, ಕರ್ಸಿವ್ ಅದು. ಅವರ ಅರ್ಜಿಗಳನ್ನೆಲ್ಲ ನಾನೇ ಬರೆಯುತ್ತಿದ್ದೆ. ಅವರ ಮಗಳಿಗೆ ಅದೇ ಅಕ್ಷರವನ್ನು ತಿದ್ದಿಸಿದವಳೂ ನಾನೇ.

ಮೈಸೂರು ರಸ್ತೆಯುದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲಕ್ಕೆ ಆ ಹುಡುಗಿ ವಿಮಾನ ಹಾರಿಸಲು ಕಲಿತು ಲೈಸೆನ್ಸ್ ಪಡೆದಳು. ಸರಕು ಸಾಗಿಸುವ ಕಾರ್ಗೋ ಕಂಪನಿಯೊಂದು ಪೈಲಟ್‌ಗಳನ್ನು ಕರೆದಿತ್ತು. ಆದರೆ ಅವರಿಗೆ ಐನೂರು ಗಂಟೆ ಹಾರಿದ ಅನುಭವ ಬೇಕು. ಹಾರಿದ ಗಂಟೆಗಳ ಲೆಕ್ಕ ಬರೆದಿಡುವ ಇವಳ ಲಾಗ್‌ಬುಕ್ಕಿನಲ್ಲಿದ್ದದ್ದು ಇನ್ನೂರು ಚಿಲ್ಲರೆ.

ಒಂದು ಮಧ್ಯಾಹ್ನ ಸಾಹೇಬರು ಹೊಸ ಲಾಗ್‌ಬುಕ್ಕನ್ನೂ ತಾರೀಖು, ಗಂಟೆಗಳ ಪಟ್ಟಿಯಿದ್ದ ಒಂದು ಕಂತೆ ಹಾಳೆಯನ್ನೂ ತಂದರು. ಫ್ಲೈಯಿಂಗ್ ಕ್ಲಬ್ಬಿನ ಒಬ್ಬ ಇನ್‌ಸ್ಟ್ರಕ್ಟರ್ ಕೊಟ್ಟಿದ್ದನಂತೆ.

"ಒಸಿ ಕಾಪಿ ಮಾಡ್ಕೊಡಿ ಮೇಡಂ. ಮಗಳ ಅಕ್ಸರ, ನಿಮ್ದು ಒಂದೇ ಥರ ಅಲ್ವಾ. ಆಯಪ್ಪ ಸೈನ್ ಹಾಕ್ತಾನೆ."

"ಅವಳಿಗೆ ಗೊತ್ತಾ?"

"ಇಂಟರ್‌ವ್ಯೂಗೆ ಓದ್ತಾವ್ಳೆ. ಸುಮ್ನೆ ಯಾಕೆ ತಲೆ ಕೆಡ್ಸೋದು."

ಬರೆಯತೊಡಗಿದೆ. ನಾಲ್ಕನೇ ಪುಟದಲ್ಲಿ ಕೈ ನಿಂತಿತು. ರಂಜಾನ್ ಹಬ್ಬದ ತಾರೀಖು. ಅದರ ಎದುರಿಗೆ, ಅವಳು ಒಬ್ಬಳೇ ಮೂರು ಗಂಟೆ ಹಾರಿದಳೆಂಬ ಲೆಕ್ಕ. ಅವತ್ತು ಅವಳು ಶೀರ್‌ಕುರ್ಮಾ ಪಾಯಸ ತಂದುಕೊಟ್ಟು, ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಸಂಜೆಯವರೆಗೂ ಹರಟಿದ್ದಳು.

ಹಾಗೆಂದು ಹೇಳಿದೆ. ಸಾಹೇಬರು ನೆಲ ನೋಡಿದರು. "ಗೊತ್ತು ಮೇಡಂ. ನೂಲಿಗೆ ನೀರ್ ಹಾಕ್ದಂಗೇ ಇದು. ಎಲ್ರೂ ಹಾಕ್ತಾರಂತೆ."

ಆಗಲೇ ಪೆನ್ನು ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಕಣ್ಣೆದುರೇ ಬೆಳೆದ ಹುಡುಗಿಗೆ ಕೆಲಸ ಸಿಗಲಿ ಎಂದುಕೊಂಡೆ... ಅದೂ ಪೂರ್ತಿ ನಿಜವಲ್ಲ. ಪುಟಗಳು ಎಷ್ಟು ನೀಟಾಗಿ ಬರುತ್ತಿವೆ ಎಂದು ನನಗೆ ಹೆಮ್ಮೆಯಾಗಿತ್ತು. ಥೂ, ಈಗ ನೆನೆದರೆ ಅಸಹ್ಯವಾಗುತ್ತದೆ.

ಮರುದಿನ ಶೆಡ್ಡಿಗೆ ಹೋಗಿ ಪುಸ್ತಕ ಕೊಡುವಾಗ ಅವಳೂ ಅಲ್ಲಿದ್ದಳು. ತಂದೆಯ ಕೈಯಿಂದ ಅದನ್ನು ತೆಗೆದುಕೊಂಡು ತಿರುವಿದಳು. ಅದೇ ತಾರೀಖಿನ ಮೇಲೆ ಅವಳ ಬೆರಳೂ ನಿಂತಿತು.

"ನಮ್ಮಬ್ಬಾ ಮಾಡಿದ್ದು ಹೋಗ್ಲಿ, ನೀವೂನಾ ಆಂಟಿ? ನಾಳೆ ಮೋಡದೊಳಗೆ ಸಿಕ್ಕಾಕೊಂಡ್ರೆ ನಿಮ್ ಅಕ್ಷರ ಬಂದು ವಿಮಾನ ಇಳ್ಸುತ್ತಾ?"

ಗೂಡು ಬೇಯುತ್ತಿದ್ದ ಒಲೆಗೆ ಪುಸ್ತಕವನ್ನು ತುರುಕಿದಳು. ಸಾಹೇಬರು ಒಲೆ ನೋಡುತ್ತ ಕೂತರು. ನಾನು ಮೂಗಿಗೆ ಸೆರಗು ಹಿಡಿದು ಹೊರಬಂದೆ, ವಾಸನೆಗೆ ಎಂಬಂತೆ.

ಆ ಕೆಲಸ ತಪ್ಪಿತು. ಅವಳು ಉತ್ತರ ಭಾರತದ ಯಾವುದೋ ಫ್ಲೈಯಿಂಗ್ ಸ್ಕೂಲಿನಲ್ಲಿ ಬೇರೆಯವರಿಗೆ ಕಲಿಸುತ್ತ, ವರ್ಷಗಟ್ಟಲೆ ಒಂದೊಂದೇ ಗಂಟೆ ಕೂಡಿಸಿ, ಕೊನೆಗೂ ಕಾರ್ಗೋ ಪೈಲಟ್ ಆದಳು. ಸಾಹೇಬರು ಮತ್ತೆ ಯಾವ ಅರ್ಜಿಯನ್ನೂ ನನ್ನ ಹತ್ತಿರ ತರಲಿಲ್ಲ. ಶೆಡ್ಡಿದ್ದ ಜಾಗದಲ್ಲಿ ಈಗ ಗಾರ್ಮೆಂಟ್ಸಿನವರ ಗೋಡೌನ್ ಇದೆ. ಸಾಹೇಬರು ತೀರಿಕೊಂಡಾಗ ಮಗಳು ಬಂದಿದ್ದಳು. ಬಾಗಿಲಲ್ಲಿ ನಿಂತ ನನಗೆ ಮರ್ಯಾದೆಯಿಂದ ಕುರ್ಚಿ ಹಾಕಿ, "ಕೂತ್ಕೊಳ್ಳಿ ಮೇಡಂ" ಎಂದಳು. ಅವಳು ಆಂಟಿ ಎಂದು ಕರೆಯಬಹುದೆಂದು ಹೊರಡುವವರೆಗೂ ಕಾದೆ...

ಬಸ್ಸಿಳಿದು ಮನೆಗೆ ಬಂದವಳೇ ಸೀರೆ ನೆನೆಹಾಕಿದೆ. ಅವಳಿಗೊಂದು ಕಾಗದ ಬರೆಯೋಣವೆಂದು ಕೂತು, ಮೇಲೆ ಅವಳ ಹೆಸರು ಬರೆದೆ. ಅದೇ ದುಂಡು ಕರ್ಸಿವ್. ಹಾಳೆಯನ್ನು ಹರಿದು ಹಾಕಿದೆ.