ತಾಮ್ರದ ತಗಡಿನಲ್ಲಿ ಅಜ್ಜಿಯ ಮುಖ

ಅರವತ್ತರ ದಶಕದ ಶುರುವಿನಲ್ಲಿ ನಾನು ಹೆಬ್ಬಾಳದಿಂದ ಗಂಗಾನಗರಕ್ಕೆ ನಡೆದುಹೋಗಿ, ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರ ಬಳಿ ಚಿತ್ರ ಕಲಿಯುತ್ತಿದ್ದೆ. ಹೆಣ್ಣುಹುಡುಗಿಗೆ ಇದೆಲ್ಲ ಯಾಕೆ ಎಂದು ದೊಡ್ಡಪ್ಪ ಗೊಣಗಿದಾಗ, "ಓಗ್ಲಿ ಬಿಡಪ್ಪ, ನಾನು ಕಳಿಸ್ತೀನಿ" ಎಂದವಳು ಅಜ್ಜಿ. ತಾತ ತೀರಿಕೊಂಡ ಮೇಲೆ ಕೆರೆ ಕೆಳಗಿನ ಗದ್ದೆಯನ್ನು ಒಬ್ಬಳೇ ನಿಂತು ಮಾಡಿಸಿ ಮಕ್ಕಳನ್ನು ಸಾಕಿದವಳು ಅವಳು.

ಮೇಷ್ಟ್ರ ಬಳಿ ಹದಿನೆಂಟನೇ ಶತಮಾನದ ಫ್ರೆಂಚ್ ಚಿತ್ರಗಳ ಒಂದು ಕಟ್ಟಿತ್ತು. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿದ ಮುಖಗಳು; ಆ ಕೊರೆತ ಮೇಷ್ಟ್ರಿಗೂ ಬರುತ್ತಿತ್ತು. ದೊಡ್ಡ ಮನುಷ್ಯರಿಗೆ ಸುರುಳಿ ಕೂದಲಿನ ಟೋಪನ್, ಹಿಂದೆ ರೇಷ್ಮೆ ಪರದೆ, ಕೆಳಗೆ ಮನೆತನದ ಲಾಂಛನ, ಬಿರುದುಗಳ ಸಾಲು.

"ಮುಖಕ್ಕಿಂತ ಮೊದಲು ಜನ ಈ ಸಾಲು ಓದ್ತಿದ್ರಮ್ಮ. ಒಂದೇ ತಗಡಿಂದ ನೂರಾರು ಪ್ರತಿ ಬರ್ತಿತ್ತಲ್ಲ, ಅವರ ಅಂತಸ್ತು ಊರೂರಿಗೂ ಗೊತ್ತಾಗ್ತಿತ್ತು" ಎಂದಿದ್ದರು ಮೇಷ್ಟ್ರು. ಬರಬರುತ್ತ ವೈದ್ಯರು, ವ್ಯಾಪಾರಿಗಳೂ ತಮ್ಮ ಮುಖ ಕೊರೆಸಿಕೊಳ್ಳತೊಡಗಿದರಂತೆ.

ಒಂದು ದಿನ ಅಜ್ಜಿ ಮೇಷ್ಟ್ರಿಗೆಂದು ಅವರೆಕಾಯಿ ತಂದಳು. ಮೇಜಿನ ಮೇಲಿದ್ದ ಚಿತ್ರ ನೋಡಿ, "ಈ ಯಮ್ಮ ಯಾವ ದೇಸದ ರಾಣಿ?" ಎಂದಳು.

"ರಾಣಿ ಅಲ್ಲಮ್ಮ. ಬಟ್ಟೆ ವ್ಯಾಪಾರಿ ಹೆಂಡತಿ."

ಅಜ್ಜಿ ಚಿತ್ರವನ್ನು ಕೈಗೆತ್ತಿಕೊಂಡು ಕೇಳಿದಳು: "ಅಂಗಾರೆ ನಾನೂ ಚಿತ್ರಕ್ಕೆ ಕೂತ್ಕೋಬೌದಾ ಸ್ವಾಮಿ?"

ನಮ್ಮ ನಡುಮನೆಯಲ್ಲಿ ಪೇಟ ಸುತ್ತಿದ ತಾತನ ಫೋಟೋ ಇತ್ತು, ದೊಡ್ಡಪ್ಪನದೂ ಇತ್ತು. ಅಜ್ಜಿಯದನ್ನು ಯಾರೂ ತೆಗೆಸಿರಲಿಲ್ಲ. ಮೇಷ್ಟ್ರು ಒಂದೇ ಮಾತಿಗೆ ಒಪ್ಪಿದರು. ಕೂರುವ ದಿನ ದೊಡ್ಡಮ್ಮನ ಚಿನ್ನದ ಸರ ಹಾಕಿಕೊಂಡು ಬಂದ ಅಜ್ಜಿ, ಯಾಕೋ "ಇದು ನಂದಲ್ಲ" ಎಂದು ಬಿಚ್ಚಿ ನನ್ನ ಕೈಗಿಟ್ಟಳು. ಕೆಳಗೆ ಏನು ಕೊರೆಯಲಿ ಎಂದು ಮೇಷ್ಟ್ರು ಕೇಳಿದರು.

"ಕೆರೆ ಕೆಳಗಿನ ಗದ್ದೆಯೋಳು ಅಂತ ಬರೀರಿ. ಊರಲ್ಲಿ ಅಂಗೇ ಕರೀತಾರೆ."

ಕೆಲಸಕ್ಕೆ ಎರಡು ತಿಂಗಳ ಮೇಲೆ ಹಿಡಿಯಿತು. ಮೊದಲ ಪ್ರತಿ ಒಣಗಿದಾಗ ಅಜ್ಜಿ ಚಿತ್ರದ ಕೆನ್ನೆಯ ಸುಕ್ಕುಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೂತಿದ್ದಳು. ಅದನ್ನು ಮನೆಗೆ ತಂದಾಗ ನೆಂಟರೊಬ್ಬರು, "ಗಂಡ ಇಲ್ದೋಳ ಚಿತ್ರ ನಡುಮನೇಲಾ?" ಎಂದರು. ದೊಡ್ಡಪ್ಪ ಮೊಳೆ ಹುಡುಕಿ ತಂದು ತಾತನ ಪಕ್ಕದಲ್ಲೇ ಹೊಡೆದರು. ಉಳಿದ ಪ್ರತಿಗಳನ್ನು ಅಜ್ಜಿ ಯಲಹಂಕ, ಬಾಗಲಗುಂಟೆಯಲ್ಲಿದ್ದ ತನ್ನ ಹೆಣ್ಣುಮಕ್ಕಳಿಗೆ ತಾನೇ ಕೊಟ್ಟು ಬಂದಳು.

ಕೆಲವು ವರ್ಷಗಳ ಮೇಲೆ ಮೇಷ್ಟ್ರು ತಮ್ಮ ಉಳಿಗಳನ್ನು ನನಗೆ ಕೊಟ್ಟರು. ಅವುಗಳಿಂದ ಕೊರೆಯುತ್ತ, ಕಲಿಸುತ್ತ ನಾನು ಬದುಕು ಕಟ್ಟಿಕೊಂಡೆ. ನನ್ನ ಮೇಲೆ ಆ ಇಬ್ಬರ ಋಣವಿದೆ. ಅದು ತೀರದೆ ಹೀಗೇ ಇರಲಿ ಅನ್ನಿಸುತ್ತದೆ.