ಎರಡು ಕಂಪನಿ, ಒಂದೇ ಗುಂಡಿ

ಕುಮಟೆಯ ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲೆ ನಾನೊಂದು ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ. ಟೈಪಿಂಗ್ ಕಲಿಯಲು ಯಾರೂ ಬಾರದ ಕಾಲ ಬಂದಾಗ ಮಷಿನುಗಳನ್ನು ಗೋಡೆಗೆ ಸರಿಸಿ ನಾಲ್ಕು ಕಂಪ್ಯೂಟರು ಇಟ್ಟೆ. ಇಂಟರ್‌ನೆಟ್ ಆಗಾಗ ಕೈಕೊಡುತ್ತಿದ್ದುದರಿಂದ ಎರಡು ಬೇರೆ ಬೇರೆ ಕಂಪನಿಗಳ ಸಂಪರ್ಕ ತೆಗೆದುಕೊಂಡಿದ್ದೆ. ಒಂದು ಹೋದರೆ ಇನ್ನೊಂದು ಇರುತ್ತದೆ ಎಂದು ಬಂದವರಿಗೆಲ್ಲ ಹೇಳಿಕೊಂಡು ಸ್ವಲ್ಪ ಮೆರೆಯುತ್ತಿದ್ದೆ ಕೂಡ.

ಆ ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬೆಳಿಗ್ಗೆಯೇ ಮೆಟ್ಟಿಲ ತುಂಬ ಜನ. ಹತ್ತೂವರೆಗೆ ಒಂದು ಸಂಪರ್ಕ ಹೋಯಿತು. ಗಾಬರಿಯಾಗದೆ ಎರಡನೆಯದಕ್ಕೆ ವೈರು ಬದಲಿಸಿದೆ. ಅದೂ ಸತ್ತಿತ್ತು. ಲೈನ್ ರಿಪೇರಿಯವನಿಗೆ ಫೋನು ಮಾಡಿದರೆ ಅವನು ಹೆದ್ದಾರಿಯ ಬದಿಯಲ್ಲೇ ನಿಂತಿದ್ದ.

"ನೀರಿನ ಪೈಪಿಗೆ ಅಗೀತಾ ಇದ್ರು ಅಕ್ಕಾ, ಜೆಸಿಬಿ ಕೇಬಲ್ ಕಿತ್ತು ಹಾಕಿದೆ."

"ಒಂದು ಕಂಪನಿದು ತಾನೆ? ಇನ್ನೊಂದಕ್ಕೆ ಎಂತ ಆತು?"

"ಎರಡೂ ಒಂದೇ ಗುಂಡಿಲಿ ಹೋಗೂದು. ಕಂಪನಿ ಬೇರೆ, ಗುಂಡಿ ಒಂದೇಯ."

ಇಷ್ಟು ವರ್ಷ ಅದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಸಂಜೆಯವರೆಗೆ ಸರಿಯಾಗುವುದಿಲ್ಲ ಎಂದೆ. ಜನ ಗೊಣಗುತ್ತ ಇಳಿದುಹೋದರು. ಒಬ್ಬ ಹೆಂಗಸು ಮಾತ್ರ ಬೆಂಚು ಬಿಟ್ಟು ಏಳಲಿಲ್ಲ. ನಲವತ್ತರ ಆಸುಪಾಸು, ಸೆರಗಿನ ತುದಿಯಲ್ಲಿ ಒಂದು ಚೀಟಿ ಗಂಟು ಹಾಕಿಕೊಂಡಿದ್ದಳು. ಹಿರೇಗುತ್ತಿಯ ಅಂಗನವಾಡಿಯಲ್ಲಿ ಸಹಾಯಕಿ, ಇವತ್ತು ರಜೆ ಹಾಕಿ ಬಂದದ್ದು ಎಂದಳು.

"ತಂಗಿ ಮಗಳ ನಂಬರು ಅಕ್ಕಾ. ನೋಡ್ಕಂಡೇ ಹೋಗ್ಬೇಕು."

"ನಾಳೆ ಶಾಲೆಯ ಬೋರ್ಡಿಗೆ ಹಚ್ಚುತ್ತಾರಲ್ಲ?"

"ಅವಳು ಶಾಲೆಗೆ ಹೋದವಳಲ್ಲ. ಖಾಸಗಿಯಾಗಿ ಕಟ್ಟಿದ್ದು, ಹೊನ್ನಾವರದಲ್ಲಿ ಪರೀಕ್ಷೆ ಬರ್ದದ್ದು."

ಅವಳನ್ನು ಹಾಗೆ ಕಳಿಸಲು ಮನಸ್ಸಾಗಲಿಲ್ಲ. ನನ್ನ ಮೊಬೈಲಿನಲ್ಲಿ ಮೂರನೆಯ ಕಂಪನಿಯ ಸಿಮ್ ಇತ್ತು. ಅದನ್ನು ಕಂಪ್ಯೂಟರಿಗೆ ಜೋಡಿಸುವ ವೈರನ್ನೂ ಕೊಂಡಿದ್ದೆ, ಆದರೆ ಒಳಗೆ ಸಿಗ್ನಲ್ ನಿಲ್ಲುತ್ತಿರಲಿಲ್ಲ. ತಾರಸಿಯ ಮೇಲೆ ಮಾತ್ರ ಮೂರು ಗೆರೆ ಬರುತ್ತಿತ್ತು. ಫೋನಿನಲ್ಲೇ ನೋಡೋಣವೆಂದರೆ ಆ ಕಾಲದ ಬಟನ್ ಫೋನಿನಲ್ಲಿ ಫಲಿತಾಂಶದ ಪುಟ ತೆರೆಯುತ್ತಿರಲಿಲ್ಲ.

"ಈ ಕಂಪ್ಯೂಟರನ್ನೇ ಮೇಲೆ ಹೊತ್ತುಕೊಂಡು ಹೋಗೋಣವ?" ಎಂದೆ.

ಅವಳು ಎರಡನೇ ಮಾತಿಲ್ಲದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ದೊಡ್ಡ ಹೊಟ್ಟೆಯ ಮಾನಿಟರನ್ನು ತಬ್ಬಿ ಎತ್ತಿಯೇ ಬಿಟ್ಟಳು. ನಾನು ಉಳಿದದ್ದನ್ನು ಹೊತ್ತೆ. ಕೆಳಗಿನ ದರ್ಜಿಯಿಂದ ಉದ್ದದ ವೈರು ಬೇಡಿ ತಂದು ಕರೆಂಟು ಎಳೆದೆವು. ಫೋನನ್ನು ನೀರಿನ ಟಾಂಕಿಯ ಕಟ್ಟೆಯ ಮೇಲಿಟ್ಟೆ. ಬಿಸಿಲಿಗೆ ಪರದೆ ಕಾಣಲಿಲ್ಲ. ಒಣಗಲು ಹಾಕಿದ್ದ ಕಂಬಳಿಯೊಂದನ್ನು ಅವಳು ಎಳೆದು ತಂದಳು. ಮೇ ತಿಂಗಳ ಸೆಖೆಯಲ್ಲಿ ನಾವಿಬ್ಬರೂ ಕಂಬಳಿ ಹೊದ್ದು ಕಂಪ್ಯೂಟರಿನ ಮುಂದೆ ಕೂತೆವು.

ಪುಟದ ಚಿತ್ರಗಳನ್ನೆಲ್ಲ ಬಂದ್ ಮಾಡಿದೆ. ಬರೀ ಅಕ್ಷರ ಸಾಕು. ಆದರೂ ಅದು ಎರಡು ಸಲ ಅರ್ಧಕ್ಕೆ ನಿಂತಿತು. ಮೂರನೆಯ ಸಲ ಮೇಲಿನಿಂದ ಒಂದೊಂದೇ ಸಾಲು ಮೂಡತೊಡಗಿತು. ಮೊದಲು ನಂಬರು, ಆಮೇಲೆ ಹೆಸರು. ನಾನು ಹೆಸರು ಓದಿ ಹೇಳಿ, "ಇದೇ ಅಲ್ಲವ ನಿಮ್ಮ ತಂಗಿಯ ಮಗಳು?" ಎಂದೆ.

ಅವಳು ಕಂಬಳಿಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

"ಅದು ನಾನೇಯ," ಎಂದಳು ಆಮೇಲೆ. "ಹತ್ತನೇತಿ ಆದ್ರೆ ಅಂಗನವಾಡೀಲೇ ಟೀಚರ್ ಮಾಡ್ತಾರೆ ಅಂದಿದ್ರು. ಊರಲ್ಲಿ ಯಾರಿಗೂ ಗೊತ್ತಿಲ್ಲ. ನಪಾಸಾದ್ರೆ ನಗ್ತಾರೆ."

ಅಷ್ಟರಲ್ಲಿ ಕೆಳಗಿನ ಸಾಲೂ ಬಂತು. ಗಣಿತದಲ್ಲಿ ಮೂವತ್ತೈದು. ಪಾಸು.

ನಾನು ಹೇಳಿದೆ. ಅವಳು ಕಂಬಳಿ ಸರಿಸಿ ಎದ್ದುಹೋಗಿ ಟಾಂಕಿಯ ನಲ್ಲಿಯಲ್ಲಿ ಮುಖ ತೊಳೆದಳು, ಎಷ್ಟೋ ಹೊತ್ತು ತೊಳೆಯುತ್ತಲೇ ಇದ್ದಳು. ತಿರುಗಿದಾಗ ಮುಖದ ತುಂಬ ನಗು. "ಅಕ್ಕಾ, ಕೆಳಗೆ ಹೋದವ್ರನ್ನೆಲ್ಲ ಕರೀಲ?" ಎಂದು ಕೇಳಿದಳು.

ಹೂಂ ಎನ್ನುವ ಮೊದಲೇ ತಾರಸಿಯ ಅಂಚಿನ ಕಟ್ಟೆಗೆ ಬಗ್ಗಿ ಕೂಗಿದಳು. ಮದುವೆಮನೆಗಳಲ್ಲಿ ಹಾಡು ಹೇಳಿ ಪಳಗಿದ ಗಂಟಲು ಅವಳದು, ಬಸ್ ನಿಲ್ದಾಣದ ಆಚೆಗೂ ಕೇಳಿಸಿತು. ಜನ ವಾಪಸು ಬಂದರು. ಚೀಟಿ ಇಸಿದುಕೊಳ್ಳುವುದು, ಸಾಲು ಮಾಡಿಸುವುದು ಅವಳ ಕೆಲಸ. ಕಂಬಳಿಯೊಳಗೆ ಕೂತು ನೋಡುವುದು ನನ್ನದು. ನಾನು ಒಳಗಿನಿಂದ "ಪಾಸು" ಎಂದರೆ ಅವಳು ಅದನ್ನು ರಾಗವಾಗಿ ಎಳೆದು ಬೀದಿಗೆ ಹೇಳುತ್ತಿದ್ದಳು. ನಪಾಸಾದವರನ್ನು ಮಾತ್ರ ಪಕ್ಕಕ್ಕೆ ಕರೆದು, "ನಾನೂ ಮೊದ್ಲ ಸಲ ನಪಾಸಾಗಿದ್ದೆ, ಮತ್ತೆ ಕಟ್ಟು," ಎಂದು ಕಿವಿಯಲ್ಲಿ ಹೇಳುತ್ತಿದ್ದಳು. ಬೆಳಿಗ್ಗೆ ಯಾರಿಗೂ ಹೇಳಲಾಗದೆ ಕೂತವಳು ಸಂಜೆಯೊಳಗೆ ತನ್ನ ಮೂವತ್ತೈದನ್ನು ಅರ್ಧ ಕುಮಟೆಗೆ ಹೇಳಿಯಾಗಿತ್ತು. ದರ್ಜಿ ಎಲ್ಲರಿಗೂ ಚಹಾ ತರಿಸಿದ.

ಆ ವಾರವೇ ನಾನು ಒಂದು ಕಂಪನಿಯನ್ನು ಬಿಟ್ಟೆ. ಅದರ ಬದಲು ಹೊಸದನ್ನು ಕೊಡಲು ಬಂದವನಿಗೆ ವೇಗದ ಬಗ್ಗೆ ಮಾತಾಡಲು ಬಿಡದೆ, "ನಿಮ್ಮ ವೈರು ಯಾವ ದಾರಿಯಲ್ಲಿ ಬರುತ್ತದೆ, ಅದನ್ನು ಮೊದಲು ಹೇಳಿ," ಎಂದೆ. ಅವನು ತಬ್ಬಿಬ್ಬಾಗಿ ಎರಡು ದಿನ ಬಿಟ್ಟು ಉತ್ತರ ತಂದ.

ಮರುವರ್ಷ ಅವಳು ಟೀಚರ್ ಆದಳು. ಅದನ್ನು ಹೇಳಲು ಬಂದಾಗ ಅವಳ ಹಿಂದೆ ಮೂವರು ಹೆಂಗಸರಿದ್ದರು.

"ಇವ್ರದ್ದೂ ಹತ್ತನೇತಿ ಅರ್ಜಿ ತುಂಬಿ ಅಕ್ಕಾ," ಎಂದಳು. "ಇನ್ನೊಬ್ಳು ಕೆಳಗೆ ಮೆಟ್ಟಿಲ ಹತ್ರ ನಾಚ್ಕಂಡು ನಿಂತಿದಾಳೆ. ಕರ್ಕಂಡು ಬತ್ತೆ, ಇರಿ."