ಅಪ್ಪನ ಫೋನಿನಿಂದ ಹೋದ ಟಿಸಿ

ಸುಮಿತ್ರಾ ಮಿಸ್‌ಗೆ ವಾಟ್ಸಾಪ್‌ನಲ್ಲಿ ಏನೇ ಕಳಿಸಿದರೂ ಅದು ತಿದ್ದಿಸಿಕೊಂಡು ವಾಪಸ್ ಬರುತ್ತಿತ್ತು. ಗುಡ್ ಮಾರ್ನಿಂಗ್ ಎನ್ನಲು ಜಿ, ಎಂ ಎರಡೇ ಅಕ್ಷರ ಹಾಕಿದವರಿಗೆ, “ಅರ್ಧ ನಿದ್ದೇಲಿ ಬರೀಬೇಡ, ಪೂರ್ತಿ ಎದ್ದು ಬರಿ” ಎಂಬ ಉತ್ತರ. ಗುಬ್ಬಿಯ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದರು. ಅವರೇ ಗಿಡ್ಡ, ಆದರೆ ಗಿಡ್ಡ ಸ್ಪೆಲಿಂಗ್ ಕಂಡರೆ ಆಗುತ್ತಿರಲಿಲ್ಲ.

ನಮ್ಮ ಕ್ಲಾಸಿನ ಮಂಜ ಇಂಗ್ಲಿಷ್ ಪ್ರಬಂಧದಲ್ಲಿ ‘ನನ್ನ ತಾಯಿ ಗ್ರೇಟ್’ ಎಂದು ಬರೆಯುವಾಗ ಜಿ, ಆರ್ ಹಾಕಿ ಪಕ್ಕದಲ್ಲಿ ಎಂಟರ ಅಂಕಿ ಬರೆದಿದ್ದ. ಮಿಸ್ ಪೇಪರ್ ಎತ್ತಿ ಹಿಡಿದರು.

“ಏನ್ಲಾ ಇದು, ಇಂಗ್ಲಿಷಾ ಮಗ್ಗಿನಾ? ಹೆತ್ತ ತಾಯಿನ ಹೊಗಳೋಕೂ ಇಷ್ಟು ಜಿಪುಣತನವಾ? ನಿಮ್ಮಮ್ಮ ಅರ್ಧ ಮುದ್ದೆ ಇಕ್ಕಿ ಎದ್ದೋಗು ಅಂದ್ರೆ ಸುಮ್ನಿರ್ತೀಯಾ?”

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸಂಜೆ ಮನೆಗೆ ಹೋಗಿ ಮಿಸ್‌ಗೆ ಮತ್ತೆ ಗಿಡ್ಡ ಸ್ಪೆಲಿಂಗಿನಲ್ಲೇ ಮೆಸೇಜ್ ಹಾಕಿದೆ.

ನಾನು ಮೆಸೇಜ್ ಕಳಿಸುತ್ತಿದ್ದದ್ದು ಅಪ್ಪನ ಫೋನಿನಿಂದ; ನನಗೆ ರಜೆ ಕೇಳಲು ಅಪ್ಪನೂ ಅದರಿಂದಲೇ ಮಿಸ್‌ಗೆ ಬರೆಯುತ್ತಿದ್ದ. ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಮಿಸ್, ‘ಜ್ವರ ಬಂದಿದೆ, ನಾಳೆ ಪಾಠವಿಲ್ಲ’ ಎಂದು ಕ್ಲಾಸಿನ ಗ್ರೂಪಿಗೆ ಹಾಕಿದರು. ಟೇಕ್ ಕೇರ್ ಎನ್ನುವ ಅರ್ಥದಲ್ಲಿ ನಾನು ಅವರಿಗೆ ‘ಟಿಸಿ ಮಿಸ್’ ಎಂದು ಕಳಿಸಿದೆ. ತಿದ್ದುಪಡಿ ಬರಲೇ ಇಲ್ಲ.

ಬೆಳಿಗ್ಗೆ ಮಿಸ್ಸೇ ಬಂದರು. ಗುಬ್ಬಿಯಿಂದ ಹಾಗಲವಾಡಿಯ ನಮ್ಮ ಮನೆಗೆ ಆಟೋದಲ್ಲಿ, ತಲೆಗೆ ಮಫ್ಲರ್ ಸುತ್ತಿಕೊಂಡು, ಕೆಮ್ಮುತ್ತಾ. ಅಪ್ಪ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ.

“ಏನ್ರೀ ಶಿವಣ್ಣ, ಮಗಳ ಟಿಸಿ ಬೇಕಾ? ಅದೂ ವಾಟ್ಸಾಪಲ್ಲಿ ಕೇಳ್ತೀರಾ? ಓದೋ ಹುಡ್ಗೀನ ಸ್ಕೂಲು ಬಿಡಿಸೋಕೆ ನಾಚ್ಕೆ ಆಗಲ್ವಾ? ನಾನಿರೋ ತನಕ ಅದೆಂಗ್ ತಗೋತೀರೋ ನೋಡ್ತೀನಿ!”

ಅಪ್ಪನ ನಂಬರಿನಿಂದ ಹೋದ ಟಿಸಿ ಅವರಿಗೆ ಸ್ಕೂಲಿನ ವರ್ಗಾವಣೆ ಪತ್ರವಾಗಿ ಕಂಡಿತ್ತು. ನನಗೆ ಒಳಗೊಳಗೇ ನಗು. ಇನ್ನೇನು ಬಾಯಿಬಿಡಬೇಕು, ಅಷ್ಟರಲ್ಲಿ ಅಪ್ಪ ಬೆವರುತ್ತಾ ಅಮ್ಮನ ಕಡೆ ತಿರುಗಿದ.

“ನೀನೇನಾ ಮಿಸ್‌ಗೆ ಹೇಳ್ದೋಳು?”

“ಅಯ್ಯೋ, ನಾನೆಲ್ಲಿ ಹೇಳ್ದೆ?” ಎಂದಳು ಅಮ್ಮ. ಕುಣಿಗಲ್‌ನ ಅತ್ತೆಯ ಕೂಸು ನೋಡಿಕೊಳ್ಳಲು ಯಾರೂ ಇಲ್ಲವೆಂದು, ನನ್ನನ್ನು ಸ್ಕೂಲು ಬಿಡಿಸಿ ಅಲ್ಲಿಗೆ ಕಳಿಸುವುದೆಂದು ಇಬ್ಬರೂ ಗುಟ್ಟಾಗಿ ಮಾತಾಡಿಕೊಂಡಿದ್ದರಂತೆ. ನನ್ನ ನಗು ಅಲ್ಲೇ ನಿಂತಿತು. ಮಿಸ್ ಮಾತ್ರ ನಿಲ್ಲಿಸಲಿಲ್ಲ. ಕೊಟ್ಟ ಕಾಫಿ ಮುಟ್ಟದೆ ಅಪ್ಪನನ್ನು ಬೆಂಡೆತ್ತಿ, “ಕಳ್ಸಲ್ಲ ಮಿಸ್, ಬುಡಿ” ಎನ್ನಿಸಿಯೇ ಆಟೋ ಹತ್ತಿದರು.

ನಾನೀಗ ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಮಿಸ್ ಹೋದ ವರ್ಷ ತೀರಿಕೊಂಡರು. ಅವರ ಬೈಗುಳವಿಲ್ಲದೆ ಫೋನೇ ಬಿಕೋ ಎನ್ನುತ್ತದೆ. ಕೊನೆಯ ಸಲ ಗುಬ್ಬಿಯ ಅವರ ಮನೆಗೆ ಹೋಗಿದ್ದಾಗ ಆವತ್ತಿನ ಟಿಸಿಯ ನಿಜವಾದ ಅರ್ಥ ಹೇಳಿಬಿಟ್ಟೆ. ಇನ್ನು ಸ್ಪೆಲಿಂಗ್ ಪುರಾಣ ಶುರು ಎಂದುಕೊಂಡು ಕಾದು ಕೂತೆ. ಮಿಸ್ ನನ್ನ ಬೆನ್ನಿಗೊಂದು ಗುದ್ದಿದರು.

“ಸದ್ಯ, ಪೂರ್ತಿ ಬರೀಲಿಲ್ಲ ಕಣೇ ನೀನು. ಬರೆದಿದ್ರೆ ಥ್ಯಾಂಕ್ಯೂ ಅಂತ ಹಾಕಿ, ಹೊದ್ಕೊಂಡು ಮಲಗಿಬಿಡ್ತಿದ್ದೆ.”